ಘಟ್ಟ ಇಳಿಯುವ ಲೆಕ್ಕ: ಮಲಪ್ರಭಾ ಸೀಮೆಯಿಂದ ಗೋವಾಕ್ಕೆ ಹೋದ ದಾರಿಗಳು

ಸವದತ್ತಿ, ರಾಮದುರ್ಗ, ಬೈಲಹೊಂಗಲ, ಕಿತ್ತೂರು – ಈ ನಾಲ್ಕು ಕಡೆಯ ಯಾವ ಹಳ್ಳಿಗೆ ಹೋದರೂ ಒಂದು ಪ್ರಶ್ನೆ ಕೇಳಿ ನೋಡ್ರಿ: "ನಿಮ್ಮವರು ಯಾರಾದ್ರೂ ಗೋವಾದಾಗ ಅದಾರೇನು?" ಇಲ್ಲ ಅನ್ನುವ ಓಣಿ ಸಿಗೋದು ಕಷ್ಟ. "ಕಾಕಾ ವಾಸ್ಕೋದಾಗ ಅದಾನ್ರಿ", "ಅಣ್ಣ ಮಾಪ್ಸಾದಾಗ ಗೌಂಡಿ ಕೆಲಸಕ್ಕ ಹೋಗ್ಯಾನ", "ಅಕ್ಕನ್ನ ಮಡಗಾಂವಿಗೆ ಕೊಟ್ಟೇವಿ" – ಹೀಗೆ ಒಂದಲ್ಲ ಒಂದು ಉತ್ತರ ಬಂದೇ ಬರುತ್ತದೆ.

ಇವರೆಲ್ಲ ಹೋದ ದಾರಿ ಯಾವುದು? ಬೆಳಗಾವಿ ಮುಟ್ಟಿ ಚೋರ್ಲಾ ಘಾಟ್ ಇಳಿಯಬೇಕು, ಇಲ್ಲವೇ ಖಾನಾಪುರ, ಲೋಂಡಾ, ರಾಮನಗರ ದಾಟಿ ಅನಮೋಡ ಘಾಟ್ ಇಳಿಯಬೇಕು, ಇಲ್ಲವೇ ಲೋಂಡಾದಿಂದ ರೈಲು ಹಿಡಿದು ಕ್ಯಾಸಲ್‌ರಾಕ್ ಮೇಲೆ ಹಾಯ್ದು ಕುಳೆಂಗೆ ಇಳಿಯಬೇಕು. ಸಹ್ಯಾದ್ರಿ ಗುಜರಾತಿನ ಗಡಿಯಿಂದ ಕನ್ಯಾಕುಮಾರಿಯ ಹತ್ತಿರದವರೆಗೆ ಸುಮಾರು 1600 ಕಿಲೋಮೀಟರ್ ಉದ್ದ ಇದೆ. ಅಷ್ಟುದ್ದದ ಬೆಟ್ಟಸಾಲಿನಲ್ಲಿ ನಮ್ಮವರು ಇಳಿಯೋದು ಮಾತ್ರ ಬೆರಳೆಣಿಕೆಯ ಜಾಗಗಳಲ್ಲಿ. ಈ ಜಾಗಗಳನ್ನು ಆರಿಸಿದವರು ಯಾರು? ಒಂದು ಕಾಲದಲ್ಲಿ ಗಜಿಬಿಜಿ ಅನ್ನುತ್ತಿದ್ದ ದಾರಿಗಳು ಯಾಕೆ ಹಾಳುಬಿದ್ದವು?

ಇತಿಹಾಸದ ಪುಸ್ತಕದಲ್ಲಿ ಇದಕ್ಕೆ ರಾಜರ ಹೆಸರು ಹೇಳುತ್ತಾರೆ. ಅದು ತಪ್ಪಲ್ಲ. ಆದರೆ ನಾವು ಇಂಜಿನಿಯರಿಂಗ್ ಓದುವವರು, ನಮಗೆ ಇನ್ನೊಂದು ಉತ್ತರವೂ ಕಾಣಬೇಕು. ಘಟ್ಟದ ದಾರಿಯನ್ನು ಆರಿಸಿದ್ದು ಹೊರೆ ಹೊರುವ ಸಾಧನ. ಎತ್ತಿನ ಬೆನ್ನು ಒಂದು ದಾರಿ ಆರಿಸಿತು, ಗಾಡಿಯ ಗಾಲಿ ಮತ್ತೊಂದನ್ನು, ರೈಲಿನ ಗಾಲಿ ಮಗದೊಂದನ್ನು. ಒಂದೊಂದು ಸಲ ಆಯ್ಕೆ ಬದಲಾದಾಗಲೂ ಕೆಲವು ಊರು ಬೆಳೆದವು, ಕೆಲವು ಸೊರಗಿದವು. ಈ ಲೇಖನದಲ್ಲಿ ಆ ಲೆಕ್ಕವನ್ನು ಹಂತ ಹಂತವಾಗಿ ನೋಡೋಣ. ಕೊನೆಗೆ, ಆ ದಾರಿಯಲ್ಲಿ ಹೊರೆಯ ಜೊತೆ ಇಳಿದುಹೋದ ಮನುಷ್ಯರ ಲೆಕ್ಕಕ್ಕೂ ಬರೋಣ.

1. ನಮಗೆ ಅದು ಅಂಚು, ಅವರಿಗೆ ಅದು ಗೋಡೆ

ಕನ್ನಡದಲ್ಲಿ "ಘಟ್ಟ" ಅಂದ್ರೆ ಬೆಟ್ಟಸಾಲೂ ಹೌದು, ಆ ಸಾಲನ್ನು ದಾಟುವ ದಾರಿಯೂ ಹೌದು. ಒಂದೇ ಪದ ಎರಡಕ್ಕೂ ಬಂದಿರೋದು ಸುಮ್ಮನೆ ಅಲ್ಲ. ದಾರಿ ಇಲ್ಲದಿದ್ದರೆ ಆ ಬೆಟ್ಟದಿಂದ ನಮಗೇನು ಕೆಲಸ?

ಪೂರ್ವದಿಂದ ಹೋಗುವವರಿಗೆ ಸಹ್ಯಾದ್ರಿ ಬೆಟ್ಟದ ಹಾಗೆ ಕಾಣೋದೇ ಇಲ್ಲ. ಕಿತ್ತೂರಿನಿಂದ ಖಾನಾಪುರದ ಕಡೆ ಹೊರಡಿ. ಎರೆ ನೆಲ ಮುಗಿದು ಕೆಂಪು ಮಣ್ಣು ಬರುತ್ತದೆ, ಜೋಳದ ಹೊಲ ಹೋಗಿ ಭತ್ತದ ಗದ್ದೆ ಬರುತ್ತದೆ, ಆಮೇಲೆ ಕಾಡು. ಏರಿದ್ದು ಗೊತ್ತೇ ಆಗುವುದಿಲ್ಲ. ಬೆಳಗಾವಿಯೇ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಅಂದ್ರೆ ನಾವು ಮೊದಲಿನಿಂದಲೂ ಮಾಳಿಗೆಯ ಮೇಲೇ ಇದ್ದೇವೆ. ಕಾಡಿನ ಕೊನೆಗೆ ಹೋದಾಗ ಒಮ್ಮೆಲೇ ನೆಲ ಮುಗಿದು, ಐದಾರು ನೂರು ಮೀಟರ್ ಕೆಳಗೆ ಗೋವಾ ಕಾಣುತ್ತದೆ. ಪಶ್ಚಿಮದವರಿಗೆ ಇದೇ ಜಾಗ ಮುಗಿಲಿಗೆ ಎದ್ದ ಗೋಡೆ.

ಇದಕ್ಕೆ ಒಳ್ಳೆಯ ಸಾಕ್ಷಿ ನಮ್ಮ ಮಲಪ್ರಭೆಯೇ. ಆಕೆ ಹುಟ್ಟೋದು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ, ಅಂದ್ರೆ ಚೋರ್ಲಾ ಘಾಟಿನ ತಲೆಯ ಮೇಲೆ. ಅಲ್ಲಿಂದ ಅರಬ್ಬಿ ಸಮುದ್ರ ನೇರ ಅಳತೆಯಲ್ಲಿ 50 ಕಿಲೋಮೀಟರ್ ಆಸುಪಾಸು. ಆದರೂ ಆಕೆ ಅದಕ್ಕೆ ಬೆನ್ನು ಮಾಡಿ ಪೂರ್ವಕ್ಕೆ ಹೊರಟು, ಖಾನಾಪುರ, ಸವದತ್ತಿ, ರಾಮದುರ್ಗದ ಸೀಮೆ ಹಾಯ್ದು, 300 ಕಿಲೋಮೀಟರ್ ದಾಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಅದೇ ಕಾಡಿನ ಇನ್ನೊಂದು ಮಗ್ಗುಲಲ್ಲಿ ಹುಟ್ಟುವ ಮಹದಾಯಿ ಪಶ್ಚಿಮಕ್ಕೆ ಇಳಿದು, ಗೋವಾದಲ್ಲಿ ಮಾಂಡೋವಿ ಅನ್ನಿಸಿಕೊಂಡು ಪಣಜಿಯ ಹತ್ತಿರ ಸಮುದ್ರ ಸೇರುತ್ತಾಳೆ. ಘಟ್ಟದ ನೆತ್ತಿಯ ಮೇಲೆ ಬಿದ್ದ ಮಳೆಹನಿ ಯಾವ ಕಡೆ ಉರುಳಿತು ಅನ್ನುವುದರ ಮೇಲೆ ಅದರ ಜಾತಕ ನಿಂತಿದೆ.

ಮಳೆಯ ಅಂತರವನ್ನೂ ಇಲ್ಲೇ ಹೇಳಬೇಕು. ಘಟ್ಟದ ಅಂಚಿನ ಅಂಬೋಲಿಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಸುತ್ತಮುತ್ತ ಮಳೆ. ರಾಮದುರ್ಗದಲ್ಲಿ 600ರ ಆಸುಪಾಸು. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಬರೆದಿಟ್ಟುಕೊಳ್ಳಿ. ಮುಂದೆ ಬರುವ ಎಷ್ಟೋ ಸಂಗತಿ ಇದರಿಂದಲೇ ಹುಟ್ಟಿದ್ದು. ಮಳೆಗಾಲದಲ್ಲಿ ಘಟ್ಟ ಮುಚ್ಚುತ್ತಿತ್ತು, ದೀಪಾವಳಿ ಕಳೆದ ಮೇಲೆ ತೆರೆಯುತ್ತಿತ್ತು. ಬಿತ್ತನೆ, ಕೊಯ್ಲು ಮುಗಿದು ನಮ್ಮ ಕಡೆ ಕೈ ಖಾಲಿ ಆಗುವ ಹೊತ್ತಿಗೆ ಘಟ್ಟದ ದಾರಿ ಒಣಗಿರುತ್ತಿತ್ತು.

2. ಏರು ಅಂದ್ರೆ ಏನು? ಒಂದು ಸಣ್ಣ ಲೆಕ್ಕ

"20ಕ್ಕೆ 1 ಏರು" ಅಂದ್ರೆ 20 ಮೀಟರ್ ಮುಂದೆ ಹೋದಾಗ 1 ಮೀಟರ್ ಮೇಲೆ ಹೋಗುವುದು. ಈಗ 500 ಮೀಟರ್ ಎತ್ತರದ ಘಟ್ಟ ಅಂತ ಇಟ್ಟುಕೊಳ್ಳೋಣ. 5ಕ್ಕೆ 1 ಏರಿನ ಕಾಲುದಾರಿ ಮಾಡಿದರೆ ಎರಡೂವರೆ ಕಿಲೋಮೀಟರಿನಲ್ಲಿ ಕೆಲಸ ಮುಗಿಯುತ್ತದೆ. 20ಕ್ಕೆ 1 ಏರಿನ ರಸ್ತೆಗೆ 10 ಕಿಲೋಮೀಟರ್ ಬೇಕು. 37ಕ್ಕೆ 1 ಏರಿನ ರೈಲು ಹಳಿಗೆ 18.5 ಕಿಲೋಮೀಟರ್ ಬೇಕು. ಎತ್ತರ ಅಷ್ಟೇ ಇದೆ, ದಾರಿಯ ಉದ್ದ ಮಾತ್ರ ಏಳು ಪಟ್ಟಿಗಿಂತ ಹೆಚ್ಚಾಯಿತು.

ಅಷ್ಟು ಉದ್ದದ ದಾರಿಯನ್ನು ಎಲ್ಲಿ ಇಡುವುದು? ಬೆಟ್ಟದ ಮೈ ನೇರವಾಗಿ ಇಳಿದಿರುತ್ತದೆ. ಹಾಗಾಗಿ ದಾರಿಯನ್ನು ಅಡ್ಡಡ್ಡ ಹಾಕಿ, ಅಲ್ಲಲ್ಲಿ ತಿರುಗಿಸಿ, ಮಡಿಚಿ ಇಡಬೇಕು. ಘಾಟಿನ ತಿರುವುಗಳು ಬರೋದು ಹೀಗೆ. ಬಸ್ಸಿನಲ್ಲಿ ನಮಗೆ ವಾಂತಿ ಬರಿಸುವ ಪ್ರತಿ ತಿರುವೂ ಯಾವುದೋ ಗಾಲಿಯ ಭಾರ ಇಳಿಸಲು ಮಾಡಿದ ಉಪಾಯ.

ಹೀಗಾಗಿ ಘಟ್ಟ ಇಳಿಯಲು ಒಳ್ಳೆಯ ಜಾಗ ಅಂದ್ರೆ ಬೆಟ್ಟ ಅತಿ ತಗ್ಗಾಗಿರುವ ಜಾಗವೇ ಆಗಬೇಕೆಂದಿಲ್ಲ. ದಾರಿಯನ್ನು ಮಡಿಚಿ ಇಡಲು ಸಾಕಷ್ಟು ಜಾಗ ಸಿಗುವ ಏಣು ಎಲ್ಲಿದೆಯೋ ಅದು. ಹಳ್ಳದ ಕೊರಕಲಿಗಿಂತ ಎರಡು ಹಳ್ಳಗಳ ನಡುವಿನ ಏಣು ಮೇಲು. ಯಾಕಂದ್ರೆ ಕೊರಕಲಿನ ದಾರಿ ಮೊದಲ ಮಳೆಗೇ ಕೊಚ್ಚಿಹೋಗುತ್ತದೆ.

ಇದಕ್ಕೆ ದೂರದ ಒಂದು ಉದಾಹರಣೆ ಕೊಟ್ಟರೆ ಇನ್ನೂ ಸ್ಪಷ್ಟವಾಗುತ್ತದೆ. ಅಮೆರಿಕದಲ್ಲಿ ರಾಕಿ ಪರ್ವತಗಳನ್ನು ದಾಟಿ ಪಶ್ಚಿಮಕ್ಕೆ ನೆಲೆಸಲು ಹೋದ ಲಕ್ಷಾಂತರ ಜನ ಬಳಸಿದ್ದು ವಯೋಮಿಂಗ್‌ನ ಸೌತ್ ಪಾಸ್ ಎಂಬ ಕಣಿವೆಯನ್ನು. ಅದರ ಎತ್ತರ ಸುಮಾರು 2260 ಮೀಟರ್, ನಮ್ಮ ಕಣಕುಂಬಿಗಿಂತ ಹೆಚ್ಚುಕಡಿಮೆ ಮೂರು ಪಟ್ಟು. ಆದರೂ ಅಲ್ಲಿ ಎತ್ತಿನ ಗಾಡಿಗಳು ಸರಾಗವಾಗಿ ದಾಟಿದವು. ಕಾರಣ, ಅಲ್ಲಿ ಏರು ಇದೆ ಅನ್ನುವುದೇ ಗೊತ್ತಾಗದಷ್ಟು ನಿಧಾನವಾಗಿ ನೆಲ ಏರುತ್ತದೆ. ಗಾಲಿಗೆ ಎತ್ತರದ ಭಯವಿಲ್ಲ, ಏರಿನ ಭಯ ಇದೆ.

3. ಎತ್ತಿನ ಬೆನ್ನ ಮೇಲೆ ಒಂದು ರಾಜ್ಯ

ಗೋವಾದ ಕದಂಬರ ರಾಜ್ಯವನ್ನು ನಕ್ಷೆಯಲ್ಲಿ ನೋಡಿದರೆ ಮೊದಲು ಆಶ್ಚರ್ಯವಾಗುತ್ತದೆ. ಒಂದು ಕಾಲು ಕೊಂಕಣದಲ್ಲಿ, ಇನ್ನೊಂದು ಘಟ್ಟದ ಮೇಲೆ. ಕೆಳಗೆ ಚಂದ್ರಪುರ, ಆಮೇಲೆ ಗೋಪಕಪಟ್ಟಣ ರಾಜಧಾನಿ. ಮೇಲೆ ಈಗಿನ ಖಾನಾಪುರ ತಾಲೂಕಿನ ಹಲಸಿ ಅವರ ಇನ್ನೊಂದು ಮುಖ್ಯ ನೆಲೆ. ಘಟ್ಟವೇ ಗಡಿ ಅಂದುಕೊಂಡವರಿಗೆ ಈ ರಾಜ್ಯ ಅರ್ಥವಾಗೋದಿಲ್ಲ. ಘಟ್ಟವೇ ಬಾಗಿಲು ಅಂದುಕೊಂಡರೆ ತಟ್ಟನೆ ಅರ್ಥವಾಗುತ್ತದೆ.

ಇದಕ್ಕೆ ಕಲ್ಲಿನ ಸಾಕ್ಷಿಗಳಿವೆ. ಕಿತ್ತೂರಿಗೆ ಹತ್ತಿರದ ದೇಗಾಂವದಲ್ಲಿ ಕಮಲನಾರಾಯಣ ಗುಡಿ ಇದೆ. ಅದನ್ನು 12ನೇ ಶತಮಾನದಲ್ಲಿ ಕಟ್ಟಿಸಿದವಳು ಗೋವಾದ ಕದಂಬರ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ. ಘಟ್ಟದ ಬುಡದಲ್ಲಿ, ಗೋವಾದ ಕಾಡಿನ ಒಳಗೆ, ತಾಂಬ್ಡಿ ಸುರ್ಲಾದ ಮಹಾದೇವ ಗುಡಿ ಇದೆ. ಅದೂ ಕದಂಬರ ಕಾಲದ್ದೇ, ಕರಿಕಲ್ಲಿನದ್ದು. ಒಂದು ಗುಡಿ ಮೇಲೆ, ಒಂದು ಕೆಳಗೆ. ನಡುವೆ ಘಟ್ಟದ ದಾರಿ. ಕಲ್ಯಾಣದ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಮಗಳು ಮೈಲಳದೇವಿಯನ್ನು ಇದೇ ಮನೆತನದ ಇಮ್ಮಡಿ ಜಯಕೇಶಿಗೆ ಕೊಟ್ಟಿದ್ದರು. "ಮಗಳನ್ನ ಗೋವಾಕ್ಕ ಕೊಟ್ಟೇವಿ" ಅನ್ನುವ ಮಾತು ನಮ್ಮ ನಾಡಿನಲ್ಲಿ 900 ವರ್ಷ ಹಳೆಯದು!

ಈ ದಾರಿಗಳಲ್ಲಿ ಸಾಗಿದ್ದು ಹೇರೆತ್ತು. ಎತ್ತಿನ ಬೆನ್ನ ಮೇಲೆ ಎರಡೂ ಮಗ್ಗುಲಿಗೆ ಚೀಲ ಇಳಿಬಿಟ್ಟು ಸಾಲಾಗಿ ಹೊಡೆದುಕೊಂಡು ಹೋಗುತ್ತಿದ್ದರು. ಈ ವೃತ್ತಿಯಲ್ಲಿ ಲಮಾಣಿಗರದ್ದು ದೊಡ್ಡ ಹೆಸರು. ಕೆಳಗಿನಿಂದ ಉಪ್ಪು, ತೆಂಗು, ಒಣಮೀನು ಮೇಲೆ ಬರುತ್ತಿದ್ದವು. ಮೇಲಿನಿಂದ ಕಾಳುಕಡಿ, ಬೆಲ್ಲ, ಹತ್ತಿ ಕೆಳಗೆ ಹೋಗುತ್ತಿದ್ದವು. ಖಾನಾಪುರ ತಾಲೂಕಿನ ನಂದಗಡ ಇಂಥ ಘಟ್ಟದ ವ್ಯಾಪಾರ ನಡೆದ ಪೇಟೆ. ನಮಗೆ ಆ ಊರು ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ಗಲ್ಲಿಗೇರಿಸಿದ ಜಾಗ ಅಂತ ಗೊತ್ತು, ಅದು ಘಟ್ಟಕ್ಕೆ ಹೋಗುವ ದಾರಿಯ ಪೇಟೆ ಅನ್ನೋದು ಅಷ್ಟಾಗಿ ಗೊತ್ತಿಲ್ಲ.

ಹೇರೆತ್ತು 5ಕ್ಕೆ 1 ಏರಿನ ದಾರಿಗೂ ಹೆದರುವುದಿಲ್ಲ. ಕಾಲಿಡಲು ಜಾಗ ಇದ್ದರೆ ಸಾಕು. ಆದ್ದರಿಂದ ಆ ಕಾಲದಲ್ಲಿ ಘಟ್ಟದ ದಾರಿಗಳು ಹತ್ತಾರು ಇದ್ದವು. ಒಂದು ಮುಚ್ಚಿದರೆ ಇನ್ನೊಂದು. ಸುಂಕದ ಕಟ್ಟೆ ಜೋರಾದರೆ ಪಕ್ಕದ ಏಣು. ದೌರ್ಬಲ್ಯ ಇದ್ದದ್ದು ಹೊರೆಯಲ್ಲಿ. ಒಂದು ಎತ್ತಿನ ಬೆನ್ನಿಗೆ ಒಂದು ಕ್ವಿಂಟಲ್ ಆಸುಪಾಸು, ಜೋಡಿಗೆ ಎರಡು. ಅದೇ ಜೋಡಿಯನ್ನು ಗಾಡಿಗೆ ಹೂಡಿದರೆ ಸಮತಟ್ಟು ನೆಲದಲ್ಲಿ ಗಾಡಿಯ ಭಾರ ಸೇರಿ ಹತ್ತು ಕ್ವಿಂಟಲ್ ಎಳೆಯುತ್ತದೆ.

4. ಗಾಲಿ ಬಂತು, ಲೆಕ್ಕ ಬದಲಾಯಿತು

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಬರುವುದು ನಿಂತುಹೋಯಿತು. ಆಗ ಅವರ ಕಣ್ಣು ಬಿದ್ದ ಸೀಮೆಗಳಲ್ಲಿ ಧಾರವಾಡ, ಬೆಳಗಾವಿ ಜಿಲ್ಲೆಗಳ ಎರೆ ನೆಲವೂ ಒಂದು. ಬೈಲಹೊಂಗಲ, ಸವದತ್ತಿಯ ಹತ್ತಿ ಅಂದ್ರೆ ಇದೇ ಎರೆಯ ಬೆಳೆ. ಆದರೆ ಹತ್ತಿ ಬೆಳೆದರೆ ಸಾಲದು, ಹಡಗಿಗೆ ಮುಟ್ಟಿಸಬೇಕಲ್ಲ? ಬಂದರುಗಳೆಲ್ಲ ಘಟ್ಟದ ಕೆಳಗೆ: ವೆಂಗುರ್ಲಾ, ಕಾರವಾರ, ಕುಮಟಾ. ಉತ್ತರ ಕನ್ನಡ ಜಿಲ್ಲೆಯನ್ನು 1862ರಲ್ಲಿ ಮದ್ರಾಸಿನಿಂದ ತೆಗೆದು ಮುಂಬೈ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಈ ಹತ್ತಿ ಮತ್ತು ಕಾರವಾರ ಬಂದರಿನ ಒತ್ತಾಯವೇ ದೊಡ್ಡದು.

ಹತ್ತಿಯ ದೊಡ್ಡ ಹೊರೆಯನ್ನು ಹೇರೆತ್ತಿನ ಮೇಲೆ ಸಾಗಿಸಿ ಪೂರೈಸದು. ಗಾಡಿ ಬೇಕು. ಈಗ ಲೆಕ್ಕ ಹಾಕೋಣ ಬರ್ರಿ.

ಕಚ್ಚಾ ರಸ್ತೆಯಲ್ಲಿ ಗಾಲಿ ಉರುಳುವಾಗಿನ ತಡೆ ಭಾರದ ಸುಮಾರು 5 ಶೇಕಡಾ ಅಂತ ಹಿಡಿಯೋಣ. 1000 ಕೆ.ಜಿ. ಗಾಡಿಗೆ ಸಮತಟ್ಟಿನಲ್ಲಿ ಬೇಕಾದ ಎಳೆತ 50 ಕೆ.ಜಿ. ಒಂದು ಎತ್ತು ದಿನವಿಡೀ ದುಡಿಯುವಾಗ ತನ್ನ ತೂಕದ ಶೇಕಡಾ 10ರಷ್ಟು ಎಳೆಯಬಲ್ಲದು. 350 ಕೆ.ಜಿ. ತೂಕದ ಎರಡು ಎತ್ತುಗಳಿಂದ ಸಿಗುವುದು 70 ಕೆ.ಜಿ. ಸಮತಟ್ಟಿನಲ್ಲಿ ಆರಾಮ.

ಈಗ 20ಕ್ಕೆ 1 ಏರು ಬಂತು. ಏರಿಗಾಗಿ ಭಾರದ 20ನೇ ಒಂದು ಭಾಗ, ಅಂದ್ರೆ ಇನ್ನೊಂದು 50 ಕೆ.ಜಿ. ಸೇರಿತು. ಒಟ್ಟು 100. ಜೋಡಿ ಎತ್ತಿಗೆ ಆಗದು, ಇನ್ನೊಂದು ಜೋಡಿ ಹೂಡಬೇಕು ಅಥವಾ ಹೊರೆ ಇಳಿಸಬೇಕು. 10ಕ್ಕೆ 1 ಆದರೆ 150. 5ಕ್ಕೆ 1 ಆದರೆ 250. ಹೇರೆತ್ತು ನಗುತ್ತಾ ಹತ್ತಿದ ದಾರಿಯಲ್ಲಿ ಗಾಡಿ ಅಲುಗಾಡುವುದೂ ಇಲ್ಲ.

ಇದನ್ನೇ ಇಳಿಯುವ ಕಡೆಯಿಂದ ನೋಡಿ. ನಮ್ಮ ಹತ್ತಿ ಹೋಗುತ್ತಿದ್ದದ್ದು ಕೆಳಕ್ಕೆ ತಾನೆ? 20ಕ್ಕೆ 1 ಇಳಿಜಾರಿನಲ್ಲಿ ಗಾಡಿಯನ್ನು ಕೆಳಕ್ಕೆ ತಳ್ಳುವ ಬಲ 50, ಗಾಲಿಯ ತಡೆಯೂ 50. ಎರಡೂ ಸರಿಸಮ. ಗಾಡಿ ಎತ್ತನ್ನು ತಳ್ಳುವುದೂ ಇಲ್ಲ, ಎತ್ತು ಗಾಡಿಯನ್ನು ಎಳೆಯುವುದೂ ಬೇಡ. ಇದಕ್ಕಿಂತ ಕಡಿದಾದರೆ ಗಾಡಿ ಎತ್ತಿನ ಬೆನ್ನ ಮೇಲೆ ಏರಿ ಬರುತ್ತದೆ. ಗಾಲಿಗೆ ಅಡ್ಡ ಮರ ಕಟ್ಟಿ, ಹಿಂದೆ ಹಗ್ಗ ಹಿಡಿದು ಇಳಿಸಬೇಕಾಗುತ್ತದೆ. ಗಾಡಿಯ ದಾರಿಗೆ 20ಕ್ಕೆ 1ರ ಆಸುಪಾಸಿನ ಏರು ಯಾಕೆ ಹೊಂದುತ್ತದೆ ಅನ್ನುವುದು ಈ ಒಂದು ಸಾಲಿನ ಲೆಕ್ಕದಲ್ಲಿದೆ.

ಬೆಳಗಾವಿಯಿಂದ ಸಾವಂತವಾಡಿ ಕಡೆ ಇಳಿಯುತ್ತಿದ್ದ ಹಳೆಯ ರಾಮಘಾಟ್ ಕಡಿದಾದ ದಾರಿ. ಗಾಡಿಗಳ ಕಾಲದಲ್ಲಿ ಅದರ ಕೆಲಸವನ್ನು ಅಂಬೋಲಿ ಘಾಟ್ ತೆಗೆದುಕೊಂಡಿತು. ವೆಂಗುರ್ಲಾ ಬಂದರಿನಿಂದ ಬೆಳಗಾವಿಯ ದಂಡಿಗೆ ಸಾಮಾನು ಬರುತ್ತಿದ್ದದ್ದೂ ಅದೇ ದಾರಿಯಲ್ಲಿ. ದಕ್ಷಿಣದಲ್ಲಿ ಅರಬೈಲು ಘಟ್ಟ, ದೇವಿಮನೆ ಘಟ್ಟಗಳಲ್ಲಿ ಹತ್ತಿ ಗಾಡಿಗಳು ಕಾರವಾರ, ಕುಮಟಾ ಕಡೆ ಇಳಿದವು. ನಮ್ಮ ಸೀಮೆಯ ಹತ್ತಿಗೆ ವ್ಯಾಪಾರಿಗಳ ಬಾಯಲ್ಲಿ "ಕುಮಟಾ ಹತ್ತಿ" ಅಂತಲೇ ಹೆಸರು ಬಿತ್ತು. ನೋಡ್ರಿ, ಬೆಳೆದವರು ಎರೆ ಸೀಮೆಯವರು, ಹೆಸರು ಬಂದರಿಗೆ! ದಾರಿಯ ಕೊನೆಯಲ್ಲಿ ಇರುವವರಿಗೆ ಹೆಸರು ಸಿಗುವುದು ಹಳೆಯ ಕತೆ.

ಗಾಡಿ ಬಂದದ್ದರಿಂದ ಇನ್ನೊಂದು ಪರಿಣಾಮ ಆಯಿತು. ಹತ್ತಾರು ಇದ್ದ ಘಟ್ಟದ ದಾರಿಗಳು ನಾಲ್ಕೈದಕ್ಕೆ ಇಳಿದವು. ಗಾಡಿಯ ದಾರಿ ಮಾಡಲು ಸರಕಾರದ ಹಣ ಬೇಕು, ಎಲ್ಲ ಏಣಿನ ಮೇಲೂ ಮಾಡಲಾಗುವುದಿಲ್ಲ. ಉಳಿದವು ಕಾಡಿನಲ್ಲಿ ಸೇರಿಹೋದವು.

5. 37ಕ್ಕೆ 1: ಬ್ರಗಾಂಝಾ ಘಾಟ್

ಮುಂದಿನ ಸಾಧನ ರೈಲು. ಬ್ರಿಟಿಷರಿಗೂ ಪೋರ್ಚುಗೀಸರಿಗೂ 1878ರಲ್ಲಿ ಒಪ್ಪಂದ ಆಗಿ, ಮುರಗಾಂವ ಬಂದರಿನಿಂದ ಘಟ್ಟ ಹತ್ತಿ ಬರುವ ಮೀಟರ್ ಗೇಜ್ ಹಳಿಯ ಕೆಲಸ ನಡೆಯಿತು. ಗೋವಾದ ಕಡೆ ವೆಸ್ಟ್ ಆಫ್ ಇಂಡಿಯಾ ಪೋರ್ಚುಗೀಸ್ ರೈಲ್ವೆ, ಈ ಕಡೆ ಸದರ್ನ್ ಮರಾಠಾ ರೈಲ್ವೆ. 1888ರಲ್ಲಿ ಎರಡೂ ಕ್ಯಾಸಲ್‌ರಾಕ್‌ನಲ್ಲಿ ಕೂಡಿದವು. ಕ್ಯಾಸಲ್‌ರಾಕ್, ಕಾರಂಜೋಳ, ದೂಧಸಾಗರ, ಸೋನಾಲಿ, ಕುಳೆಂ – ಸುಮಾರು 26 ಕಿಲೋಮೀಟರಿನ ಈ ಇಳಿಜಾರಿಗೆ ಪೋರ್ಚುಗಲ್ಲಿನ ರಾಜಮನೆತನದ ಹೆಸರಿನಿಂದ ಬ್ರಗಾಂಝಾ ಘಾಟ್ ಅಂತ ಕರೆದರು. ಅತಿ ಕಡಿದಾದಲ್ಲಿ ಏರು 37ಕ್ಕೆ 1.

ಗಾಡಿಗೆ 20ಕ್ಕೆ 1 ನಡೆಯುವುದಾದರೆ ರೈಲಿಗೆ ಯಾಕೆ 37? ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಗಾಲಿ ಉರುಳುವ ತಡೆ ಬಹಳ ಕಡಿಮೆ, ಟನ್ನಿಗೆ 4 ಕೆ.ಜಿ. ಸುಮಾರು. ಅದೇ ಅದರ ಶಕ್ತಿ, ಅದೇ ಅದರ ದೌರ್ಬಲ್ಯ. 120 ಟನ್ ತೂಕದ ಎಂಜಿನ್ನಿನ ಗಾಲಿ ಜಾರದೆ ಹಿಡಿಯುವ ಬಲ ತೂಕದ ಕಾಲು ಭಾಗ, ಅಂದ್ರೆ 30 ಟನ್ ಅಂತ ಹಿಡಿಯಿರಿ. ಸಮತಟ್ಟಿನಲ್ಲಿ ಈ ಎಂಜಿನ್ ಲೆಕ್ಕದ ಮಟ್ಟಿಗೆ 7500 ಟನ್ ಎಳೆಯಬಲ್ಲದು. 37ಕ್ಕೆ 1 ಏರಿನಲ್ಲಿ ಪ್ರತಿ ಟನ್ನಿಗೆ 27 ಕೆ.ಜಿ. ಏರಿನದ್ದು, 4 ಉರುಳುವುದರದ್ದು, ಒಟ್ಟು 31. ಆಗ ಅದೇ ಎಂಜಿನ್ ಎಳೆಯೋದು 970 ಟನ್ ಆಸುಪಾಸು, ಅದೂ ತನ್ನ ತೂಕ ಸೇರಿ. 20ಕ್ಕೆ 1 ಮಾಡಿದ್ದರೆ 560ಕ್ಕೂ ಕಡಿಮೆ. ಈಗ 4000 ಟನ್ನಿನ ಗೂಡ್ಸ್ ಗಾಡಿ ಘಟ್ಟ ಹತ್ತಬೇಕು ಅಂದ್ರೆ ಎಷ್ಟು ಎಂಜಿನ್ ಬೇಕು? ಐದು. ಕ್ಯಾಸಲ್‌ರಾಕ್ ಕಡೆ ಹೋದವರು ರೈಲಿಗೆ ಮುಂದೂ ಹಿಂದೂ ಎಂಜಿನ್ ಕಟ್ಟಿ ತಳ್ಳುವುದನ್ನು ನೋಡಿರುತ್ತೀರಿ. ಅದರ ಲೆಕ್ಕ ಇದೇ.

ರೈಲು ಬಂದ ಮೇಲೆ ವೆಂಗುರ್ಲಾ, ಕುಮಟಾ ಕಡೆ ಇಳಿಯುತ್ತಿದ್ದ ಹತ್ತಿ ಗಾಡಿಗಳ ಸಾಲು ಕರಗಿತು. ಲೋಂಡಾದಂಥ ಕಾಡಿನ ಊರು ಜಂಕ್ಷನ್ ಆಯಿತು. ಘಟ್ಟ ಇಳಿಯುವ ರೈಲಿನ ದಾರಿ ನಮಗೆ ಉಳಿದದ್ದು ಒಂದೇ. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಈ ನಾಲ್ಕೂ ಊರುಗಳಿಗೆ ಮಾತ್ರ ಇಂದಿಗೂ ರೈಲು ನಿಲ್ದಾಣ ಇಲ್ಲ.

6. 1961ರ ನಂತರ: ಬಾಗಿಲು ತೆರೆದಾಗ ಇಳಿದವರು

1955ರಲ್ಲಿ ಗೋವಾದ ವಿಮೋಚನೆಯ ಹೋರಾಟ ಜೋರಾದಾಗ ಭಾರತ ಸರಕಾರ ಗಡಿ ಬಂದ್ ಮಾಡಿತು, ರೈಲೂ ನಿಂತಿತು. 1961ರ ಡಿಸೆಂಬರಿನಲ್ಲಿ ಭಾರತದ ಸೇನೆಯ ಒಂದು ತುಕಡಿ ಅನಮೋಡ ಕಡೆಯಿಂದಲೇ ಇಳಿಯಿತು. ಡಿಸೆಂಬರ್ 19ಕ್ಕೆ ಗೋವಾ ಭಾರತದ್ದಾಯಿತು. ಆಮೇಲೆ ಗೋವಾದಲ್ಲಿ ರಸ್ತೆ, ಸೇತುವೆ, ಬಂದರು, ಗಣಿ, ಕಾರ್ಖಾನೆ, ಹೋಟೆಲ್ – ಎಲ್ಲ ಕಟ್ಟುವ ಕೆಲಸ ಒಟ್ಟಿಗೇ ಶುರುವಾಯಿತು. ಕಟ್ಟುವ ಕೈಗಳು ಬೇಕಾದವು. 600 ಮಿಲಿಮೀಟರ್ ಮಳೆಯ ಸೀಮೆಯಲ್ಲಿ ಕೈಗಳು ಖಾಲಿ ಇದ್ದವು. 1972ರ ಸುತ್ತಿನ ಬರಗಾಲ ಉತ್ತರ ಕರ್ನಾಟಕದ ಹಿರಿಯರಿಗೆ ಇಂದಿಗೂ ನೆನಪಿದೆ.

ಬೆಳಗಾವಿ, ಬಾಗಲಕೋಟೆ, ವಿಜಯಪುರ, ಗದಗ ಕಡೆಯಿಂದ ಜನ ಗುಳೆ ಹೋದರು. ಮೊದಲು ಬೇಸಿಗೆಗೆ ಅಷ್ಟೇ, ಮೃಗಶಿರಾ ಮಳೆಗೆ ವಾಪಸ್. ಆಮೇಲೆ ವರ್ಷವಿಡೀ. ಆಮೇಲೆ ಅಲ್ಲೇ. ವಾಸ್ಕೋದ ಬೈನಾ, ಝುವಾರಿನಗರದಂಥ ಕಡೆ ಕನ್ನಡದ ಓಣಿಗಳೇ ಎದ್ದವು. ವಾಸ್ಕೋ ಕಡೆ ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಗಳು ನಡೆದವು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಇದೇ ಜನ ಘಟ್ಟ ಹತ್ತಿ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಬರುತ್ತಾರೆ. ದುಡಿಮೆ ಪಶ್ಚಿಮಕ್ಕೆ, ಹರಕೆ ಪೂರ್ವಕ್ಕೆ.

ಸೌತ್ ಪಾಸ್ ದಾಟಿದ ಅಮೆರಿಕದ ವಲಸಿಗರ ಕತೆಗೂ ನಮ್ಮದಕ್ಕೂ ಇಲ್ಲಿ ಒಂದು ದೊಡ್ಡ ವ್ಯತ್ಯಾಸ ಇದೆ. ಅವರು ಹೋದದ್ದು ನೆಲ ಹಿಡಿಯಲು. ಮೊದಲಿನಿಂದ ಅಲ್ಲಿದ್ದ ಮೂಲನಿವಾಸಿಗಳ ನೆಲ ಅವರ ಕೈಗೆ ಹೋಯಿತು. ಅವರ ಗಾಡಿಯ ಗಾಲಿ ಮೂಡಿಸಿದ ಗುರುತನ್ನೂ ಅಲ್ಲಿ ಸ್ಮಾರಕ ಮಾಡಿ ಕಾಯ್ದಿದ್ದಾರೆ. ನಮ್ಮವರು ಗುದ್ದಲಿ, ಬುಟ್ಟಿ ಹಿಡಿದು ಹೋದರು. ಅವರ ಹೆಸರಿಗೆ ಅಲ್ಲಿ ನೆಲ ಇಲ್ಲ, ಸ್ಮಾರಕ ಇಲ್ಲ. 2004ರಲ್ಲಿ ಬೈನಾದಲ್ಲಿ ಮನೆಗಳನ್ನು ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ಬಹಳ ಜನ ಕನ್ನಡಿಗರು. ಗೋವಾದ ಜನರಿಗೂ ತಮ್ಮ ಸಣ್ಣ ರಾಜ್ಯದ ನೆಲ, ಭಾಷೆಯ ಬಗ್ಗೆ ಆತಂಕ ಇದೆ. ಅದನ್ನು ಸುಳ್ಳು ಅನ್ನಲಾಗದು. ಆದರೆ ಅಲ್ಲಿಯ ಎಷ್ಟೋ ಸೇತುವೆ, ಕಟ್ಟಡಗಳ ಕಾಂಕ್ರೀಟಿನಲ್ಲಿ ನಮ್ಮ ತಾಲೂಕಿನವರ ಬೆವರು ಇದೆ ಅನ್ನುವುದೂ ಸುಳ್ಳಲ್ಲ.

7. ಇಂದಿನ ಘಟ್ಟ: ಯಾರ ಹೊರೆ, ಯಾವ ಕಡೆಗೆ?

ಇವತ್ತು ಈ ಅಂಚಿನ ಮೇಲೆ ಮೂರು ಹೊರೆಗಳು ಓಡಾಡುತ್ತಿವೆ ಅಥವಾ ಓಡಾಡಲು ಕಾಯುತ್ತಿವೆ.

ಮೊದಲನೆಯದು ಜನ. ಅವರು ಈಗಲೂ ಪಶ್ಚಿಮಕ್ಕೆ.

ಎರಡನೆಯದು ನೀರು. ಮಹದಾಯಿಯ ಕಳಸಾ, ಬಂಡೂರಿ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸಿ, ಸವದತ್ತಿಯ ನವಿಲುತೀರ್ಥ ಜಲಾಶಯಕ್ಕೆ ತರಬೇಕು ಅನ್ನುವುದು ಯೋಜನೆ. ನವಿಲುತೀರ್ಥ ಅಂದ್ರೆ ಮಲಪ್ರಭೆ ಗಟ್ಟಿ ಕಲ್ಲಿನ ಗುಡ್ಡವನ್ನು ಸೀಳಿಕೊಂಡು ಹೋದ ಇಕ್ಕಟ್ಟಿನ ಕಣಿವೆ. ಅಲ್ಲಿ ಗೋಡೆ ಕಟ್ಟಿದ್ದೂ ಅದೇ ಕಾರಣಕ್ಕೆ. 2018ರ ಆಗಸ್ಟ್‌ನಲ್ಲಿ ಮಹದಾಯಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿತು. ಅದರಲ್ಲಿ ಮಲಪ್ರಭೆಗೆ ತಿರುಗಿಸಲು 3.9 ಟಿಎಂಸಿ. ಜನ ಪಶ್ಚಿಮಕ್ಕೆ ಇಳಿಯಲು ಕಾರಣವಾದ ನೀರಿನ ಕೊರತೆಯನ್ನು, ಪಶ್ಚಿಮದ ನೀರನ್ನು ಪೂರ್ವಕ್ಕೆ ತಂದು ತುಂಬಿಸುವ ಪ್ರಯತ್ನ ಇದು. ಗೋವಾ ಇದನ್ನು ಒಪ್ಪಿಲ್ಲ.

ಮೂರನೆಯದು ಕಲ್ಲಿದ್ದಲು. ಮುರಗಾಂವ ಬಂದರಿನಲ್ಲಿ ಇಳಿದ ಕಲ್ಲಿದ್ದಲು ರೈಲಿನಲ್ಲಿ ಘಟ್ಟ ಹತ್ತಿ ಬಳ್ಳಾರಿ ಕಡೆಯ ಉಕ್ಕಿನ ಕಾರ್ಖಾನೆಗೆ ಹೋಗುತ್ತದೆ. 150 ವರ್ಷದ ಹಿಂದೆ ದೊಡ್ಡ ಹೊರೆ ಇಳಿಯುತ್ತಿತ್ತು, ಈಗ ದೊಡ್ಡ ಹೊರೆ ಹತ್ತುತ್ತಿದೆ. ಹಳಿ ಜೋಡಿ ಮಾಡಬೇಕು ಅನ್ನುವ ಯೋಜನೆಗೆ ಕೊಟ್ಟಿದ್ದ ವನ್ಯಜೀವಿ ಅನುಮತಿಯನ್ನು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ರದ್ದು ಮಾಡಿತು. ಬೆಟ್ಟದ ಮೈ ಕಡಿದಷ್ಟೂ ಅದು ಮಳೆಗೆ ಸಡಿಲವಾಗುತ್ತದೆ. ಪ್ರತಿ ಮಳೆಗಾಲದಲ್ಲೂ ಘಾಟ್‌ಗಳಲ್ಲಿ ಗುಡ್ಡ ಕುಸಿದ ಸುದ್ದಿ ಓದುತ್ತೇವೆ. ಹೇರೆತ್ತಿನ ದಾರಿ ಒಂದು ಮುಚ್ಚಿದರೆ ಇನ್ನೊಂದು ಇತ್ತು. ಇಂದು ಹೊರೆ ಎಲ್ಲ ಎರಡು ಮೂರು ದಾರಿಗಳ ಮೇಲೇ ಬಿದ್ದಿರುವಾಗ ಒಂದು ಮುಚ್ಚಿದರೂ ಎಲ್ಲರಿಗೂ ತಾಪತ್ರಯ.

ಸಿವಿಲ್‌ನವರು ಏರಿನ ಲೆಕ್ಕ ಹಾಕುತ್ತಾರೆ, ಮೆಕ್ಯಾನಿಕಲ್‌ನವರು ಎಳೆತದ ಲೆಕ್ಕ ಹಾಕುತ್ತಾರೆ. ಈ ಎರಡೂ ಲೆಕ್ಕ ಸರಿ ಇದ್ದಾಗಲೂ ಮೂರನೆಯ ಪ್ರಶ್ನೆ ಉಳಿದೇ ಇರುತ್ತದೆ: ಈ ದಾರಿ ಯಾರ ಹೊರೆಗೆ, ಯಾರ ಖರ್ಚಿನಲ್ಲಿ? ಹತ್ತಿಗೆ ದಾರಿ ಮಾಡಿದವರು ಹತ್ತಿ ಬೆಳೆದವರನ್ನು ಕೇಳಲಿಲ್ಲ. ನಾಳೆ ಇಂಥ ದಾರಿಯ ನಕ್ಷೆ ನಮ್ಮಲ್ಲೇ ಯಾರದೋ ಟೇಬಲ್ ಮೇಲೆ ಬರಬಹುದು. ಕೇಳುವುದನ್ನು ಈಗಲೇ ರೂಢಿ ಮಾಡಿಕೊಂಡರೆ ಒಳ್ಳೆಯದು.

ನೀವೇ ಮಾಡಿ ನೋಡ್ರಿ

1. ಡಾಂಬರು ರಸ್ತೆಯಲ್ಲಿ ಗಾಲಿಯ ತಡೆ ಶೇಕಡಾ 2 ಅಂತ ಹಿಡಿದು, 1000 ಕೆ.ಜಿ. ಗಾಡಿ ತಾನಾಗಿ ಎತ್ತನ್ನು ತಳ್ಳಲು ಶುರುಮಾಡುವ ಇಳಿಜಾರು ಎಷ್ಟು ಅಂತ ಕಂಡುಹಿಡಿಯಿರಿ. ರಸ್ತೆ ಸುಧಾರಿಸಿದಷ್ಟೂ ಬ್ರೇಕು ಯಾಕೆ ಮುಖ್ಯವಾಗುತ್ತದೆ?

2. ಮಳೆಯಲ್ಲಿ ಹಳಿ ಒದ್ದೆಯಾಗಿ ಎಂಜಿನ್ನಿನ ಹಿಡಿತ ತೂಕದ ಕಾಲು ಭಾಗದಿಂದ ಶೇಕಡಾ 15ಕ್ಕೆ ಇಳಿದರೆ, 37ಕ್ಕೆ 1 ಏರಿನಲ್ಲಿ ಅದೇ 120 ಟನ್ ಎಂಜಿನ್ ಎಷ್ಟು ಎಳೆಯಬಲ್ಲದು?

3. ಮೊಬೈಲ್ ನಕ್ಷೆಯಲ್ಲಿ ಚೋರ್ಲಾ, ಅನಮೋಡ ಎರಡೂ ಘಾಟ್ ತೆರೆಯಿರಿ. ಮೇಲಿನ ತುದಿ, ಕೆಳಗಿನ ತುದಿಗಳ ಎತ್ತರ ಮತ್ತು ನಡುವಿನ ರಸ್ತೆಯ ಉದ್ದ ಹಿಡಿದು ಸರಾಸರಿ ಏರು ಲೆಕ್ಕ ಮಾಡಿ. ಲಾರಿಯವರು ಯಾವುದನ್ನು ಇಷ್ಟಪಡಬಹುದು?

4. ಇದು ಕಷ್ಟದ ಪ್ರಶ್ನೆ. ನಿಮ್ಮ ಮನೆಯ ಅಥವಾ ಓಣಿಯ ಒಬ್ಬ ಹಿರಿಯರನ್ನು ಕೇಳಿ: ಗೋವಾಕ್ಕೆ ಮೊದಲ ಸಲ ಯಾವ ವರ್ಷ ಹೋದಿರಿ, ಯಾವ ಘಟ್ಟ ಇಳಿದಿರಿ, ಕೈಯಲ್ಲಿ ಏನಿತ್ತು? ಉತ್ತರ ನಾಲ್ಕು ಸಾಲಾದರೂ ಸರಿ, ಅವರ ಮಾತಿನಲ್ಲೇ ಬರೆದು ಕನ್ನಡ ಸಂಘಕ್ಕೆ ಕಳಿಸಿ. ಮೊದಲಿನ ಮೂರು ಪ್ರಶ್ನೆಗಳ ಉತ್ತರ ಯಾವ ಪುಸ್ತಕದ ಸಹಾಯದಿಂದಲೂ ತೆಗೆಯಬಹುದು. ಈ ನಾಲ್ಕನೆಯದರ ಉತ್ತರ ಅವರ ಹತ್ತಿರ ಮಾತ್ರ ಇದೆ.